ಕೆಂಪು ಚಿಂದಿ ಇಲ್ಲದ ಕೋವಿ

ಪ್ರೀತಿಯ ಭಾವ,

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನಾನು ಕೋವಿಯ ನಳಿಗೆಯೊಳಗಿಂದ ಆಕಾಶ ನೋಡಿದೆ. ನಂಬುತ್ತೀರಾ? ಬಾಯಿಂದಲೇ ಮದ್ದು ತುಂಬುವ ಕೋವಿ, ನಿಮ್ಮ ಕೇಪಿನ ಕೋವಿಯ ಜಾತಿಯದೇ. ಆದರೆ ಇದರ ಹಿಂಬದಿಯ ಬಿರಡೆಯನ್ನು ಬರಿಗೈಯಲ್ಲಿ ತಿರುಗಿಸಿ ಬಿಚ್ಚಬಹುದು. ಬಿಚ್ಚಿ ನಳಿಗೆಯನ್ನು ಕಣ್ಣಿಗೆ ಹಿಡಿದೆ. ಆ ತುದಿಯಲ್ಲಿ ಬೆರಳುಗುರಿನಷ್ಟು ಬೂದು ಆಕಾಶ. ನಾನಿರುವ ಸ್ಯಾನ್ ಹೊಸೆ ಊರಿನ ಪೂರ್ವದ ಗುಡ್ಡಗಳ ಮೇಲೆ ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ. ಆ ಸಣ್ಣ ವೃತ್ತದೊಳಗೆ ಮಂಜು ಮೆಲ್ಲಗೆ ಸರಿಯುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ... ಕೋವಿಯ ಯಜಮಾನ ರಾಮೋನ್ ನನ್ನ ಭುಜ ತಟ್ಟಿ, ಒಳಗೆ ಏನಾದರೂ ಸಿಕ್ಕಿತೇ ಎಂದು ಕೇಳಿದ. ಬಿರಡೆಯನ್ನು ಒರೆಸಿ ಅವನ ಕೈಗೆ ಕೊಟ್ಟೆ.

ನೀವು ತೀರಿಹೋಗಿ ವರ್ಷವಾಗುತ್ತಾ ಬಂತು. ಇಷ್ಟು ದಿನ ಇಲ್ಲದ ಪತ್ರ ಈಗೇಕೆ ಎನ್ನುತ್ತೀರಿ. ಇದು ನನ್ನ ಬುದ್ಧಿಯಲ್ಲ, ಅಕ್ಕನ ಆಜ್ಞೆ. ಅವಳ ಮಾತಿಗೆ ಎದುರಾಡುವ ಧೈರ್ಯ ನಿಮಗೂ ಇರಲಿಲ್ಲ, ನನಗೆಲ್ಲಿಂದ ಬರಬೇಕು? ನಾವಿಬ್ಬರೂ ಅವಳಿಂದ ಮುಚ್ಚಿಟ್ಟ ಒಂದು ವಿಷಯ ಇತ್ತಲ್ಲ, ಅದನ್ನು ಅವಳಿಗೆ ಹೇಳಿಬಿಟ್ಟೆ. ಸಿಟ್ಟು ಮಾಡಬೇಡಿ. ಹೇಗೆ ಹೇಳಿದೆ, ಅವಳು ಏನು ಮಾಡಿದಳು, ಎಲ್ಲವನ್ನೂ ಸಾವಕಾಶವಾಗಿ ಬರೆಯುತ್ತೇನೆ. ನಿಮಗೆ ಈಗ ಅವಸರವೇನೂ ಇಲ್ಲವಷ್ಟೆ.

ನಿಮ್ಮ ಕೋವಿ ನಿಂತಿರುತ್ತಿದ್ದ ಚಾವಡಿಯ ಮೂಲೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗದ್ದೆಗೆ ಬರುವ ಹಂದಿಗಳಿಗಾಗಿ ಲೈಸೆನ್ಸು ಪಡೆದ ಕೋವಿ. ಬಡಗಿಯ ಕೈ ಸುಮ್ಮನಿರುತ್ತದೆಯೇ, ಅದರ ಹಳೆಯ ಹಿಡಿಯನ್ನು ಕಿತ್ತು ಹಲಸಿನ ಮರದಲ್ಲಿ ಹೊಸದನ್ನು ಕೆತ್ತಿ ಕೂರಿಸಿದ್ದಿರಿ. ಅಳೆದು ಮದ್ದು, ಅದರ ಮೇಲೆ ತೆಂಗಿನ ನಾರು, ಮೇಲೆ ಸೀಸದ ಗುಂಡು, ಮತ್ತೆ ನಾರು. ಪ್ರತಿಯೊಂದನ್ನೂ ಗಜ ಎಂಬ ಆ ಉದ್ದನೆಯ ಕೋಲಿನಿಂದ ಜಡಿಯುತ್ತಿದ್ದಿರಿ. ಕೊನೆಗೆ ಅಕ್ಕನ ಹಳೆಯ ಸೀರೆಯಿಂದ ಹರಿದ ಒಂದು ಕೆಂಪು ಚಿಂದಿಯನ್ನು ನಳಿಗೆಗೆ ಕಟ್ಟುತ್ತಿದ್ದಿರಿ. ತುಂಬಿದವನು ಕಟ್ಟಬೇಕು, ಹೊಡೆದವನು ಬಿಚ್ಚಬೇಕು. ಮನೆಯಲ್ಲಿ ಇದ್ದದ್ದು ಅದೊಂದೇ ಕಾನೂನು. ಹೊರಗಿನಿಂದ ನೋಡಿದರೆ ತುಂಬಿದ ಕೋವಿಯೂ ಖಾಲಿ ಕೋವಿಯೂ ಒಂದೇ ತರ ಇರುತ್ತವೆ ಎಂದು ಎಷ್ಟು ಸಲ ಹೇಳಿದ್ದಿರಿ ನೀವು!

ಆ ಮಧ್ಯಾಹ್ನ ನಾನು ಬಿಳಿ ಅಂಗಿ ಹಾಕಿದ್ದೆ. ಪಾಸ್‌ಪೋರ್ಟಿಗೆಂದು ಪೇಟೆಗೆ ಹೋಗಿ ಫೋಟೋ ತೆಗೆಸಬೇಕಿತ್ತು. ಐಟಿಐ ಮುಗಿಸಿ ಎರಡು ವರ್ಷ ನಿಮ್ಮ ಮನೆಯ ಅನ್ನ ತಿಂದ ಮೇಲೆ ಮಸ್ಕತ್ತಿನ ಒಂದು ವರ್ಕ್‌ಶಾಪಿನಿಂದ ಕರೆ ಬಂದಿತ್ತು. ನೀವು ಯಾರದೋ ಮನೆಯ ಬಾಗಿಲು ಕೂರಿಸಲು ಹೋಗಿದ್ದಿರಿ. ಸಂಜೆಗೆ ಹಂದಿ ಬಂದರೆ ನಿಮಗೆ ಸುಲಭವಾಗಲಿ ಎಂದು ನಾನೇ ಕೋವಿಗೆ ಮದ್ದುಗುಂಡಿನ ಒಂದು ಈಡು ತುಂಬಿದೆ. ನನ್ನ ಹೆಸರಲ್ಲಿ ಲೈಸೆನ್ಸು ಇರಲಿಲ್ಲ, ಆದರೆ ಯಾರು ಕೇಳುತ್ತಾರೆ ಅಲ್ಲಿ? ಚಿಂದಿಯನ್ನೂ ಕಟ್ಟಿದೆ. ಸೈಕಲ್ ಹತ್ತಿ ಅಂಗಳ ದಾಟುವುದರೊಳಗೆ ಚೈನು ಕಳಚಿತು. ಅದನ್ನು ಕೂರಿಸುವಷ್ಟರಲ್ಲಿ ಎರಡೂ ಕೈ ಕಪ್ಪು. ಬಿಳಿ ಅಂಗಿ ಬೇರೆ. ಒಳಗೆ ಓಡಿಬಂದೆ, ಮೊದಲು ಕಣ್ಣಿಗೆ ಬಿದ್ದ ಬಟ್ಟೆಯನ್ನು, ಕೋವಿಯ ಆ ಚಿಂದಿಯನ್ನೇ, ಎಳೆದುಕೊಂಡೆ, ಕೈ ಒರೆಸಿಕೊಂಡೆ. ಮತ್ತೆ ಕಟ್ಟಿದರಾಯಿತು ಎಂದುಕೊಂಡದ್ದು ನೆನಪಿದೆ. ಕಟ್ಟಿದ್ದು ನೆನಪಿಲ್ಲ, ಯಾಕೆಂದರೆ...

ಪೇಟೆಯಿಂದ ಮರಳುವಾಗ ಗದ್ದೆಯ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದೆ. ಬಿಸಿಲು ಇನ್ನೂ ಹಳದಿಯಾಗಿತ್ತು. ಸದ್ದು ಕೇಳಿತು. ಕೋವಿಯ ಸದ್ದು ನನಗೆ ಗೊತ್ತಿಲ್ಲವೇ? ಅದು ಬೇರೆಯದೇ ಸದ್ದು, ಯಾರೋ ದೊಡ್ಡ ತಗಡಿನ ಬಾಗಿಲನ್ನು ಒದ್ದ ಹಾಗೆ. ಆಮೇಲೆ ಹೊಗೆ. ಆ ಹೊಗೆ ಕರಗಲೇ ಇಲ್ಲ ಭಾವ, ಪೈರಿನ ಮೇಲೆ ಹಾಗೆಯೇ ತೇಲುತ್ತಾ ನಿಂತಿತ್ತು. ಅದರೊಳಗಿಂದ ನೀವು ಎಡಗೈಯನ್ನು ಎದೆಗೆ ಅವಚಿಕೊಂಡು ನಿಧಾನವಾಗಿ ನಡೆದು ಬಂದಿರಿ. ಚಿಂದಿ ಇಲ್ಲದ್ದನ್ನು ನೋಡಿ ಖಾಲಿ ಎಂದು ನಂಬಿ, ನನ್ನ ಈಡಿನ ಮೇಲೆ ನೀವೂ ಒಂದು ಈಡು ತುಂಬಿದ್ದಿರಿ, ನಳಿಗೆ ಸಿಡಿದಿತ್ತು. ಈಗಲೂ ನನ್ನ ಕನಸಿನಲ್ಲಿ ಆ ಹೊಗೆ ಬರುತ್ತದೆ. ಅದರಿಂದ ಕೆಲವೊಮ್ಮೆ ನೀವು ಹೊರಬರುತ್ತೀರಿ, ಕೆಲವೊಮ್ಮೆ ಬಿಳಿ ಅಂಗಿ ಹಾಕಿದ ನಾನು.

ಆಸ್ಪತ್ರೆಯ ಮಂಚದ ಪಕ್ಕ ಪೊಲೀಸಿನವನು ಕಾಗದ ಹಿಡಿದು ಕೂತಿದ್ದ. ನಿಮ್ಮ ಎಡಗೈಯ ಎರಡು ಬೆರಳು ಹೋಗಿದ್ದವು, ಒಂದು ಕಿವಿ ಮಂದವಾಗಿತ್ತು. ನೀವು ನನ್ನ ಕಡೆ ಒಮ್ಮೆ ನೋಡಿ, ಅವನಿಗೆ ಹೇಳಿದಿರಿ: "ನಾನೇ ಎರಡು ಸಲ ತುಂಬಿದ್ದು. ಒಮ್ಮೆ ತುಂಬಿದ್ದು ಮರೆತೇ ಹೋಯ್ತು ನೋಡಿ." ಲೈಸೆನ್ಸು ಇಲ್ಲದವನು ತುಂಬಿದ ಎಂದಿದ್ದರೆ ಕೇಸು. ಕೇಸು ಆದರೆ ಪಾಸ್‌ಪೋರ್ಟು ಎಲ್ಲಿಂದ? ಅಷ್ಟು ನೋವಿನಲ್ಲೂ ಅಷ್ಟನ್ನೂ ಲೆಕ್ಕ ಹಾಕಿದ್ದಿರಾ? ಅವನು ಹೋದ ಮೇಲೆ ನಾನು ಅಳುವುದಕ್ಕೆ ಬಾಯಿ ತೆರೆದೆ. ನೀವು, "ಫೋಟೋ ಚಂದ ಬಂತಾ?" ಎಂದು ಕೇಳಿದಿರಿ. ಅದಾದ ಮೇಲೆ ಆ ವಿಷಯವನ್ನು ನಾವು ಒಂದೇ ಒಂದು ಸಲವೂ ಮಾತಾಡಲಿಲ್ಲ.

ಅಕ್ಕನಿಗೆ ಹೇಳುವುದು ಬೇಡ ಎಂದು ನೀವು ಕಣ್ಣಲ್ಲೇ ಹೇಳಿದ್ದು ಸರಿಯೇ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಬಾವಿಕಟ್ಟೆಯಿಂದ ಪೊಲೀಸ್ ಠಾಣೆಯವರೆಗೂ ಹೋಗಿಬಿಡುತ್ತಿತ್ತು. ಆದರೆ ಅವಳು ನಿಮಗೆ ಏನೆಲ್ಲ ಮಾಡಿದಳು! ಮನೆಯ ಬೀಗದ ಕೀಲಿಗೆ ಒಂದು ಕೆಂಪು ಚಿಂದಿ ಕಟ್ಟಿದಳು, ಕೊಡೆಗೆ ಒಂದು, ಉಳಿಗಳ ಚೀಲಕ್ಕೆ ಒಂದು. "ನನ್ನ ಮರೆಗುಳಿ ಗಂಡನಿಗೆ ಇದು ಬೇಕೇ ಬೇಕು ಮಾರಾಯ್ತಿ" ಎಂದು ನೆಂಟರ ಮುಂದೆ ನಗುತ್ತಿದ್ದಳು. ನಗುವಿನ ಒಳಗೆ ಸಿಟ್ಟೂ ಇತ್ತು, ಆ ಎರಡು ಬೆರಳನ್ನು ಅವಳು ಎಂದೂ ಮರೆಯಲಿಲ್ಲ. ಮೂರು ಬೆರಳಲ್ಲಿ ಉಳಿ ಹಿಡಿಯಲು ಕಲಿಯುತ್ತಾ ನೀವೂ ನಗುತ್ತಿದ್ದಿರಿ. ನಾನು ಮಸ್ಕತ್ತಿನಿಂದ ರಜೆಗೆ ಬಂದಾಗೆಲ್ಲ ಆ ಚಿಂದಿಗಳನ್ನು ನೋಡಿ ತಲೆ ತಗ್ಗಿಸುತ್ತಿದ್ದೆ. ಅದಕ್ಕೇ ಅಲ್ಲವೇ ನಿಮಗೆ ಪ್ರತಿ ಸಲ ಅಷ್ಟು ದೊಡ್ಡ ದೊಡ್ಡ ಟಾರ್ಚು ತಂದುಕೊಡುತ್ತಿದ್ದದ್ದು!

ಸ್ಯಾನ್ ಹೊಸೆಯ ಪಕ್ಕದ ಕ್ಯಾಂಪ್‌ಬೆಲ್ ಊರಿನಲ್ಲಿರುವ ನಿಮ್ಮ ಮಗಳ ಮನೆಗೆ ನೀವಿಬ್ಬರೂ ಬಂದು ನೆಲೆಸಿದ ದಿನ ನಾನು ಎಷ್ಟು ಖುಷಿಪಟ್ಟೆ ಗೊತ್ತೇ? ನನ್ನ ಹೆಂಡತಿಯ ನರ್ಸ್ ಕೆಲಸದ ಬೆನ್ನಿಗೆ ನಾನೂ ಸ್ಯಾನ್ ಹೊಸೆಗೆ ಬಂದು, ಒಂದು ಮಶೀನ್ ಶಾಪಿನಲ್ಲಿ ಲೇತು ತಿರುಗಿಸುತ್ತಾ ಆಗಲೇ ಬಹಳ ವರ್ಷವಾಗಿತ್ತು. ಹದಿನೈದು ನಿಮಿಷ ಫ್ರೀವೇಯಲ್ಲಿ ಓಡಿಸಿದರೆ ನಿಮ್ಮ ಮನೆ. ನಿಂಬೆ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು, ಲೈಟ್ ರೈಲಿನ ಗಂಟೆ ಕೇಳುತ್ತಾ ನಾವಿಬ್ಬರೂ ಕೂರುತ್ತಿದ್ದೆವು. ಈ ಸಲ ಹೇಳೋಣ, ಮುಂದಿನ ಸಲ ಹೇಳೋಣ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಪಾಸ್‌ಪೋರ್ಟಿನ ಹೆದರಿಕೆ ಎಂದೋ ಮುಗಿದಿತ್ತು. ಉಳಿದದ್ದು ಬರಿಯ ಹೇಡಿತನ.

ಅಲ್ಲಿಯೇ ಒಂದು ದಿನ ನೀವು ನನ್ನನ್ನು ಬೇರೆ ಯಾರದೋ ಹೆಸರು ಹಿಡಿದು ಕರೆದಿರಿ. ಮರೆವು ಅದಕ್ಕೂ ಬಹಳ ಮೊದಲೇ ಹೊಕ್ಕಿತ್ತು, ನಮಗೆ ತಿಳಿಯಲಿಲ್ಲ ಅಷ್ಟೇ. ಇದು ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದರು. ಅಕ್ಕ ಥಟ್ಟನೆ, "ಇವರು ಮೊದಲಿಂದಲೂ ಹೀಗೇ ಡಾಕ್ಟ್ರೇ, ಕೋವಿಗೆ ಎರಡು ಸಲ ತುಂಬಿದವರಲ್ವಾ" ಎಂದಳು. ನಿಮ್ಮ ಮಗಳು ಶುಭಾ ಅದನ್ನು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳಿದಳು. ನಾನು ಗೋಡೆಗೆ ಆತು ನಿಂತಿದ್ದೆ. ಮೊದಲಿಂದಲೂ ಹೀಗೇ ಎಂದುಕೊಂಡು ನಾವೆಲ್ಲ ಎಷ್ಟು ವರ್ಷ ಸುಮ್ಮನಿದ್ದೆವು! ಆ ಹೊತ್ತಿಗೂ ನಾನು ಬಾಯಿ ಬಿಡಲಿಲ್ಲ ಭಾವ.

ನಿಮ್ಮ ಕೊನೆಯ ಚಳಿಗಾಲದಲ್ಲಿ ಶುಭಾಳ ಹೆಸರು ಹೋಯಿತು, ಊರಿನ ಹೆಸರು ಹೋಯಿತು, ಉಳಿ ಯಾವುದು ಚಮಚ ಯಾವುದು ಎಂಬುದೂ ಹೋಯಿತು. ಆದರೆ ಯಾರಾದರೂ ನಿಮ್ಮ ಎಡಗೈ ನೋಡಿದರೆ ಸಾಕು, "ನಾನೇ ಎರಡು ಸಲ ತುಂಬಿದ್ದು, ಮರೆತೇ ಹೋಯ್ತು" ಎನ್ನುತ್ತಿದ್ದಿರಿ. ಮೊಮ್ಮಗಳು ಮೀರಾ ಕೇಳಿದರೂ ಅದೇ, ಸ್ನಾನ ಮಾಡಿಸಲು ಬರುತ್ತಿದ್ದ ಮೆಕ್ಸಿಕೋದ ಹೆಂಗಸು ಕೇಳಿದರೂ ಅದೇ, ಅದೂ ಕನ್ನಡದಲ್ಲೇ. ಎಲ್ಲವೂ ಹೋದ ಮೇಲೆ ಉಳಿದದ್ದು ಆ ಒಂದು ಮಾತು, ಅದೂ ನಿಜವಲ್ಲದ್ದು. ನನಗೆ ಒಂದು ಸಂಶಯ ಇದೆ, ಈಗಲೂ ನಿದ್ದೆಯ ಅಂಚಿನಲ್ಲಿ ಬಂದು ಕೂರುತ್ತದೆ. ಕೊನೆಗೆ ಅದು ಸುಳ್ಳೆಂದು ನಿಮಗೆ ಗೊತ್ತಿತ್ತೇ? ಅಥವಾ ನನಗಾಗಿ ಹೇಳಿ ಹೇಳಿ ನೀವೇ ಅದನ್ನು ನಂಬಿ...

ರಾಮೋನ್‌ನ ಗ್ಯಾರೇಜಿಗೆ ಹೋದದ್ದು ಇದೆಲ್ಲದರ ನಂತರ. ನನ್ನ ಜೊತೆ ಲೇತಿನಲ್ಲಿ ಕೆಲಸ ಮಾಡುವವನು, ಚಳಿಗಾಲದಲ್ಲಿ ಕಾಡುಹಂದಿ ಬೇಟೆಗೆ ಹೋಗುತ್ತಾನೆ. ಇಲ್ಲಿ ಅದಕ್ಕೆ ಸರ್ಕಾರವೇ ಚೀಟಿ ಕೊಡುತ್ತದೆ. ಅವನ ಕೋವಿಯ ಹಿಂದಿನ ಬಿರಡೆ ಮಸಿ ಹಿಡಿದು ಕಚ್ಚಿಕೊಂಡಿತ್ತು, ಬಿಡಿಸಿಕೊಡು ಎಂದ. ಕೋವಿ ಎಂದೊಡನೆ ಏನೋ ನೆಪ ಹೇಳಿದೆ. ಆದರೂ ಹೋದೆ. ಎಣ್ಣೆ ಬಿಟ್ಟು, ಸ್ವಲ್ಪ ಕಾಯಿಸಿ, ಮೆಲ್ಲಗೆ ತಿರುಗಿಸಿದಾಗ ಅದು ಬಿಟ್ಟುಕೊಟ್ಟಿತು. ಎಂಥ ಚಂದದ ಮರೆ, ಆ ತಿರುಪಿನ ಗೆರೆಗಳು! ಫಿಟ್ಟರನ ಕಣ್ಣು ತುಂಬಿಬಂತು ಎಂದರೆ ನೀವು ಗೇಲಿ ಮಾಡುತ್ತೀರಿ.

ನೀವು ಆ ಕೋವಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕಿತ್ತು. ನಳಿಗೆ ತುಕ್ಕು ಹಿಡಿಯದ ಉಕ್ಕಿನದು, ಒಳಗೆ ಗುಂಡನ್ನು ತಿರುಗಿಸುತ್ತಾ ಕಳಿಸುವ ಸುರುಳಿ ಗೆರೆಗಳಿವೆ. ಮದ್ದನ್ನು ಅಳೆಯುವುದೇ ಬೇಡ, ಪೆಪ್ಪರ್‌ಮಿಂಟಿನ ಹಾಗೆ ಬಿಲ್ಲೆಗಳು, ಎರಡು ಬಿಲ್ಲೆ ಹಾಕಿದರೆ ಒಂದು ಈಡು. ತೆಂಗಿನ ನಾರಿನ ಬದಲು ಗುಂಡಿಗೊಂದು ಪ್ಲಾಸ್ಟಿಕ್ ಕುಪ್ಪಸ. ಬೇಟೆಗೆ ಇಲ್ಲಿ ಸೀಸ ಕೂಡದು, ಗುಂಡು ತಾಮ್ರದ್ದು. ಕಿಡಿ ಹೊತ್ತಿಸುವ ನಿಮ್ಮ ಕೇಪು ಹೊರಗೆ ಕೂತು ಮಳೆಗೆ ನೆಂದು ಎಷ್ಟು ಸಲ ಕೈಕೊಟ್ಟಿಲ್ಲ? ಇಲ್ಲಿ ಕೋವಿಯನ್ನು ನಡುವೆ ಮಡಚಿ, ಬಿರಡೆಯ ಬೆನ್ನಿಗೆ ಕೇಪು ಕೂರಿಸಿ ಮುಚ್ಚಿದರೆ ಹನಿ ನೀರೂ ಹೋಗದು, ಕಿಡಿ ನೇರವಾಗಿ ಮದ್ದಿಗೆ. ಗುರಿ ನೋಡುವಲ್ಲಿ ಹಸಿರು, ಕೆಂಪು ಚುಕ್ಕಿಗಳು ಬೆಳಕು ಹೀರಿಕೊಂಡು ಹೊಳೆಯುತ್ತವೆ. ಭುಜಕ್ಕೆ ರಬ್ಬರಿನ ದಿಂಬು ಬೇರೆ. ಹಿಡಿ ಮಾತ್ರ ಪ್ಲಾಸ್ಟಿಕ್ಕು, ಅದನ್ನು ನೋಡಿ ನೀವು ಮೂಗು ಮುರಿಯುವುದು ನನಗೆ ಇಲ್ಲಿಗೇ ಕಾಣುತ್ತದೆ. ಹೊಡೆಯದೇ ಉಳಿದ ಈಡನ್ನು ತೆಗೆಯುವುದಕ್ಕೆ ನಾವು ಎಷ್ಟು ಪಾಡುಪಡುತ್ತಿದ್ದೆವು! ಇದರಲ್ಲಿ ಬಿರಡೆ ಬಿಚ್ಚಿ ಹಿಂದಿನಿಂದ ತಳ್ಳಿದರೆ ಮುಗಿಯಿತು.

ಮರುವಾರ ರಾಮೋನ್ ನನ್ನನ್ನು ಗುಡ್ಡದ ಮೇಲೆ ಗುರಿ ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಕರೆದೊಯ್ದ. ನಾನು ಆಕಾಶ ನೋಡಿದೆ ಎಂದೆನಲ್ಲ, ಅದು ಅಲ್ಲಿಯೇ. ಬಿರಡೆ ಹಾಕಿ, ಅವನು ಈಡು ತುಂಬಿ ಕೋವಿಯನ್ನು ಬೆಂಚಿನ ಮೇಲೆ ಇಟ್ಟ. ನಾನು ಕೇಳಿದೆ: ಇಷ್ಟೆಲ್ಲ ಇದೆಯಲ್ಲ, ತುಂಬಿದೆಯೋ ಇಲ್ಲವೋ ಎಂದು ಹೊರಗಿನಿಂದ ತಿಳಿಯುವುದು ಹೇಗೆ? ಅವನು ನಕ್ಕ. ಕೋವಿಗೆ ಅದು ಗೊತ್ತಾಗುವುದಿಲ್ಲ ಗೆಳೆಯಾ, ನಮಗೇ ಗೊತ್ತಿರಬೇಕು ಎಂದು, ಅಲ್ಯೂಮಿನಿಯಂ ಗಜವನ್ನು ನಳಿಗೆಗೆ ಇಳಿಬಿಟ್ಟು ತೋರಿಸಿದ. ಗಜಕ್ಕೆ ಒಂದು ಕೆಂಪು ಟೇಪು ಸುತ್ತಿದ್ದ. ಖಾಲಿ ಇದ್ದರೆ ಟೇಪು ಒಳಗೆ ಮುಳುಗುತ್ತದೆ, ತುಂಬಿದ್ದರೆ ನಳಿಗೆಯ ಬಾಯಿಯ ಮೇಲೆ ನಿಲ್ಲುತ್ತದೆ. ಕೆಂಪು ಟೇಪು ಭಾವ! ಎಲ್ಲ ಸೌಕರ್ಯದ ಕೊನೆಗೆ ಅವನಿಗೂ ಬೇಕಾದದ್ದು ಒಂದು ತುಂಡು ಕೆಂಪು. ನಾನು ಬೆಂಚಿನ ತುದಿಯಲ್ಲಿ ಕೂತೆ.

ಅಲ್ಲಿ ಕೂತು, ನನ್ನ ಹರಕು ಇಂಗ್ಲಿಷಿನಲ್ಲಿ, ಸೈಕಲ್ ಚೈನಿನಿಂದ ಹಿಡಿದು ಎಲ್ಲವನ್ನೂ ಅವನಿಗೆ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ. ಅವನು ಕಿವಿಯ ಮೇಲಿನ ಮುಚ್ಚಳ ತೆಗೆದು ಕೇಳಿದ. ಮುಗಿದ ಮೇಲೆ, ನೀನು ಹೇಳಬೇಕಾದ ಮನುಷ್ಯ ನಾನಲ್ಲ ಎಂದ. ಅಷ್ಟೇ. ಆಮೇಲೆ ಅವನು ಆ ಈಡನ್ನು ಹೊಡೆದ. ಬಿಳಿ ಹೊಗೆ ಎದ್ದು ಮಂಜಿನೊಳಗೆ ಸೇರಿತು, ಎಲ್ಲಿ ಹೊಗೆ ಮುಗಿಯಿತು, ಎಲ್ಲಿ ಮಂಜು ಶುರುವಾಯಿತು ಎಂದು ತಿಳಿಯಲಿಲ್ಲ. ಅದರೊಳಗಿಂದ ಯಾರಾದರೂ ನಡೆದು ಬರುತ್ತಾರೇನೋ ಎಂದು ನಾನು ಬಹಳ ಹೊತ್ತು ಕಾದೆ.

ಅವತ್ತೇ ಮಧ್ಯಾಹ್ನ ಕ್ಯಾಂಪ್‌ಬೆಲ್‌ಗೆ ಹೋದೆ. ಅಕ್ಕ ನಿಮ್ಮ ಕುರ್ಚಿಯಲ್ಲಿ ಕೂತು ಬಸಳೆ ಸೋಸುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತಿತ್ತು. ಅವಳ ಕೈ ಎಲೆಯ ಮೇಲೆ ನಿಂತಿತು. ಪೂರ್ತಿ ಕೇಳಿದ ಮೇಲೆ ಒಂದೇ ಪ್ರಶ್ನೆ: "ಆ ಚಿಂದಿ ಎಂತ ಮಾಡಿದೆ?" ಕೈ ತೊಳೆಯುವಾಗ ಬಾವಿಕಟ್ಟೆಯ ಹತ್ತಿರ ಬಿಸಾಡಿದೆ ಎಂದೆ. "ಹ್ಞೂಂ. ಮರುದಿನ ನಾನೇ ಅದನ್ನು ಹೆಕ್ಕಿ ಒಗೆದದ್ದು. ಇಷ್ಟು ಮಸಿ ಎಲ್ಲಿಂದ ಅಂತ ಆಸ್ಪತ್ರೆಯಲ್ಲಿ ಇವರನ್ನೇ ಬೈದೆ" ಎಂದಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹತ್ತು ದಿನ ನನ್ನ ಫೋನು ಎತ್ತಲಿಲ್ಲ. ಆ ಹತ್ತು ದಿನ ನಾನು ಲೇತಿನಲ್ಲಿ ಎಷ್ಟು ಕೆಲಸ ಕೆಡಿಸಿದೆ ಎಂದು ರಾಮೋನ್‌ನನ್ನೇ ಕೇಳಬೇಕು.

ಮೊನ್ನೆ ಭಾನುವಾರ ಅವಳೇ ಕರೆಸಿದಳು. ಮೇಜಿನ ಸುತ್ತ ಶುಭಾ, ಅಳಿಯ, ಮೀರಾ ಎಲ್ಲರನ್ನೂ ಕೂರಿಸಿದ್ದಳು. ಅವಳ ಕಣ್ಣು ಊದಿಕೊಂಡಿತ್ತು, ಧ್ವನಿ ಮಾತ್ರ ಹಳೆಯದೇ. "ಎಲ್ಲರೂ ಕೇಳಿ. ಆ ಕೋವಿದ್ದು ಅಜ್ಜ ಮರೆತದ್ದಲ್ಲ. ಈ ಮಹಾನುಭಾವ ಮರೆತದ್ದು. ಅಜ್ಜ ಇವನಿಗೋಸ್ಕರ ಹೆಸರು ಕೆಡಿಸಿಕೊಂಡದ್ದು. ನಾನು ಮೂವತ್ತು ವರ್ಷಕ್ಕೂ ಮೇಲೆ ಅವರನ್ನು ಮರೆಗುಳಿ ಅಂದೆ. ಒಂದು ಸಲವಾದರೂ ಅವರು ಇಲ್ಲ ಅನ್ಲಿಲ್ಲ..." ಮೀರಾ ಅಜ್ಜಿಯ ಕೈ ಹಿಡಿದು, "ಸೋ ಅಜ್ಜ ಡಿಡಂಟ್ ಫರ್ಗೆಟ್?" ಎಂದು ಕೇಳಿದಳು. "ಇಲ್ಲ ಮಗಾ, ಇಲ್ಲ" ಎಂದು ಅಕ್ಕ ಅತ್ತಳು. ನೀವು ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಆಮೇಲೆ ಅವಳು ಬಾಗಿಲ ಪಕ್ಕದ ಮೊಳೆಯಿಂದ ನಿಮ್ಮ ಕೀಲಿ ತಂದಳು. ನೀವು ದಾರಿ ತಪ್ಪಬಾರದೆಂದು ಆ ಮನೆಯಲ್ಲೂ ಅದಕ್ಕೆ ಕೆಂಪು ಚಿಂದಿ ಕಟ್ಟಿದ್ದಳಲ್ಲ, ಅದು ಇನ್ನೂ ಅಲ್ಲೇ ಇತ್ತು. ಗಂಟು ಬಿಗಿದುಹೋಗಿತ್ತು. ಉಗುರಿನಿಂದ ಬಿಡಿಸಿದಳು, ಯಾರಿಗೂ ಸಹಾಯ ಮಾಡಲು ಬಿಡಲಿಲ್ಲ. ಬಿಡಿಸಿ ನನ್ನ ಕಾರಿನ ಕೀಲಿ ಕೇಳಿ ಇಸಿದುಕೊಂಡು ಅದಕ್ಕೆ ಕಟ್ಟಿದಳು. "ಇದು ನಿಂದು. ಬಿಚ್ಚಿದರೆ ಜಾಗ್ರತೆ" ಎಂದಳು. ಊಟಕ್ಕೆ ಬಡಿಸುವಾಗ ನನ್ನ ತಟ್ಟೆಗೆ ಒಂದು ಸೌಟು ಹೆಚ್ಚೇ ಹಾಕಿದಳು, ಮುಖ ಮಾತ್ರ ನೋಡಲಿಲ್ಲ. ಅದು ಕ್ಷಮೆಯೋ ಶಿಕ್ಷೆಯೋ ನನಗೆ ಗೊತ್ತಾಗಲಿಲ್ಲ, ಎರಡನ್ನೂ ತಿಂದು ಬಂದೆ.

ಹೊರಡುವಾಗ ಅವಳು ಗೇಟಿನವರೆಗೂ ಬಂದಳು. "ಅವರಿಗೆ ಒಂದು ಕಾಗದ ಬರಿ" ಎಂದಳು. ಯಾರಿಗೆ ಎಂದು ಕೇಳುವ ಮೊದಲೇ, "ಕಡೆಕಡೆಗೆ ಅವರೇ ಅದನ್ನು ನಂಬಿಬಿಟ್ಟಿದ್ದರು, ನಾನು ನೋಡಿದ್ದೇನೆ. ನಿಜ ಅಂತ ಅಂದುಕೊಂಡೇ ಹೋದರು ಪಾಪ. ಬೈದದ್ದನ್ನೆಲ್ಲ ನಾನು ವಾಪಸ್ ತೆಗೆದುಕೊಂಡಿದ್ದೇನೆ ಅಂತ ಬರಿ. ನನ್ನಿಂದ ಮುಚ್ಚಿಟ್ಟದ್ದಕ್ಕೆ ಮಾತ್ರ ಈಗ ಹೊಸತಾಗಿ ಬೈತಾ ಇದ್ದೇನೆ, ಅದನ್ನೂ ಬರಿ. ಮತ್ತೆ ಆ ಮುಖ್ಯ ಮಾತು ಬರಿ" ಎಂದಳು.

ಹಾಗಾಗಿ ಕಾರಿನಲ್ಲಿ ಕೂತು, ಕೆಂಪು ಚಿಂದಿಯ ಕೀಲಿಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ನೀವು ಎಲ್ಲಿದ್ದರೂ, ಎಷ್ಟು ಮರೆತಿದ್ದರೂ, ಇದೊಂದನ್ನು ನೆನಪಿಟ್ಟುಕೊಳ್ಳಿ ಭಾವ. ಆ ದಿನ ನೀವು ಬಾಗಿಲು ಕೂರಿಸಿ ಮನೆಗೆ ಬಂದಿರಿ. ಮೂಲೆಯ ಕೋವಿಯನ್ನು ನೋಡಿದಿರಿ. ಚಿಂದಿ ಇರಲಿಲ್ಲ. ಒಂದೇ ಒಂದು ಸಲ ಈಡು ತುಂಬಿದಿರಿ.

ನೀವು ಏನನ್ನೂ ಮರೆತಿರಲಿಲ್ಲ.